ಸರ್ವರಿಗೆ ಹೊಚ್ಚಿದ ಕೌದಿ

ಸರ್ವರಿಗೆ ಕೌದಿ ಹೊಚ್ಚಿದವನು ನಾನೇ. ಬೇರೆಯವರ ಬಾಯಿಂದ ಕೇಳಿ ನೀವು ನಗುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ. ಇವತ್ತು ಬೆಳಿಗ್ಗೆ ಬಿಸಿಲಿಗೆ ಹಾಕಿದ ಆ ಕೌದಿಯಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಸಣ್ಣಗೆ ಬಂತು. ಎರಡು ಸಲ ತೊಳೆದರೂ ಹೋಗಿಲ್ಲ.

ಯಾವುದೋ ಕಂಪನಿ ಹೊರಹಾಕಿದ ಹಳೆಯ ಸರ್ವರ್ ಕಂಪ್ಯೂಟರು ಅದು, ಭೋಸರಿಯ ಭಂಗಾರದಂಗಡಿಯಲ್ಲಿ ಸಿಕ್ಕಿತು. ಮರಾಠಿಯಲ್ಲಿ ಭಂಗಾರವೆಂದರೆ ಗುಜರಿ. ಹುಟ್ಟಿದಾಗಿನಿಂದ ಪುಣೆಯಲ್ಲಿದ್ದರೂ ನನ್ನ ಕನ್ನಡ ಕಿವಿಗೆ ಅದು ಬಂಗಾರವೆಂದೇ ಕೇಳುತ್ತದೆ. "ಹತ್ತೀ ಆಹೇ ಸಾಹೇಬ್, ಹತ್ತೀ!" ಎಂದು ಅಂಗಡಿಯವನು ಯಂತ್ರದ ಬೆನ್ನು ತಟ್ಟಿದ. ಆನೆಯೆಂಬುದು ಸುಳ್ಳಲ್ಲ. ಬಿಬವೇವಾಡಿಯ ನಮ್ಮ ಮೂರನೆಯ ಮಹಡಿಗೆ ಅದನ್ನು ಹತ್ತಿಸಿದ ಮೇಲೆ ವಾರವಿಡೀ ನಾನು ನಮ್ಮಜ್ಜನ ಹಾಗೆ ಸೊಂಟ ಬಗ್ಗಿಸಿ ನಡೆದೆ. ಅಜ್ಜನ ನಡಿಗೆಯನ್ನು ನಾನು ಯಾವಾಗಲೂ ಅಣಕಿಸುತ್ತಿದ್ದೆ; ಆ ಒಂದು ವಾರ ಮಾತ್ರ ಅದು ಅಣಕವಾಗಿರಲಿಲ್ಲ.

ಮನೆಯಲ್ಲಿ ಸರ್ವರೇಕೆ ಅನ್ನುತ್ತೀರಾ? ಅವ್ವನ ಫೋನು ತುಂಬಿತ್ತು. ಅದರ ಫೋಟೊಗಳನ್ನೆಲ್ಲ ಸರ್ವರಿಗೆ ಸಾಗಿಸಿ, ಫೋನಿನಿಂದ ಅಳಿಸಿಬಿಟ್ಟೆ. ತೀರಿಹೋದ ಅಜ್ಜಿ, ಅಂದರೆ ಅವ್ವನ ಅವ್ವ, ಧಾರವಾಡದ ಮನೆಯ ಕಟ್ಟೆಯ ಮೇಲೆ ಕೂತು ನಗುವ ಒಂದೇ ಒಂದು ಫೋಟೊ ಕೂಡ ಅದರಲ್ಲಿತ್ತು. ಇನ್ನೊಂದು ಪ್ರತಿ ಇಡಬೇಕೆಂದು ಆಫೀಸಿನಲ್ಲಿ ಎಲ್ಲರಿಗೂ ಉಪದೇಶ ಮಾಡುವವನು ನಾನೇ.

ಯಂತ್ರದ ಫ್ಯಾನುಗಳು ವಿಮಾನ ಏರುವ ಹಾಗೆ ಕೂಗುತ್ತಿದ್ದವು. ಕೇಳಿದ್ದನ್ನೆಲ್ಲ ಅಣಕಿಸುವ ಚಟ ನನಗೆ. ನಮ್ಮ ಹೌಸಿಂಗ್ ಸೊಸೈಟಿಯ ಚೇರ್ಮನ್ನರನ್ನೂ ಬಿಟ್ಟಿಲ್ಲ. ಈ ಕೂಗು ಬಾಯಿಗೆ ಬರಲು ಎರಡು ದಿನ ಸಾಕಾಯಿತು. ಅವ್ವ ಮಧ್ಯಾಹ್ನ ಮಲಗಿದಾಗ ನಾನು ಹಾಗೆ ಕೂಗಿದರೆ ದಡಬಡಿಸಿ ಎದ್ದುಬಂದು ಯಂತ್ರವನ್ನು ಬೈಯುತ್ತಿದ್ದಳು. ಗುಟ್ಟು ತಿಳಿದ ಮೇಲೆ ಮಲಗಿದಲ್ಲಿಂದಲೇ, "ಬಾಯಿ ಮುಚ್ಚೋ, ಮಂಗ್ಯಾನ ಮಗನ!" ಪೇಪರ್ ಓದುತ್ತಿದ್ದ ಅಪ್ಪ ತಲೆಯೆತ್ತಿ ನೋಡುತ್ತಿದ್ದ.

ನಿಜವಾದ ಸದ್ದೂ ಅವಳ ನಿದ್ದೆ ಕೆಡಿಸುತ್ತಿತ್ತು. ಒಂದು ಮಧ್ಯಾಹ್ನ ಮರುಕ ಬಂದು ಯಂತ್ರಕ್ಕೆ ಕೌದಿ ಹೊಚ್ಚಿ, ಒಳಕೋಣೆಯಲ್ಲಿ ಹೆಡ್‌ಫೋನ್ ಏರಿಸಿಕೊಂಡು ಮೀಟಿಂಗಿಗೆ ಕೂತೆ. ಗಾಳಿಯಿಲ್ಲದೆ ಸರ್ವರು ಕಾದು ಅರಚಿಕೊಂಡಿತು. ನನಗೆ ಕೇಳಿಸಲಿಲ್ಲ. ವಾಸನೆ ಹಿಡಿದು ಓಡಿಬರುವಷ್ಟರಲ್ಲಿ ಯಂತ್ರ ಸತ್ತಿತ್ತು.

"ಅವ್ವಾ, ಅದು ಅಷ್ಟ ಒದರೂಮುಂದ ನನ್ನ ಕರೀಬಾರದಾ?"

"ನೀನ ಅಂತ ತಿಳಕೊಂಡ್ನೋ. ಇವತ್ತ ಭಾಳ ಛಲೋ ಮಾಡ್ಯಾನ ಅನಕೊಂಡೆ." ಮರುಕ್ಷಣ ಎದ್ದು ಕೂತಳು. "ನಮ್ಮವ್ವನ ಫೋಟೊ?"

ಫೋಟೊಗಳಿದ್ದ ಡಿಸ್ಕುಗಳನ್ನು ಯಂತ್ರದಿಂದ ಬಿಚ್ಚತೊಡಗಿದೆ. ನಾಲ್ಕು ದಿನ ಅವಳು ನನ್ನ ಊಟದ ತಾಟನ್ನು ಸದ್ದಾಗುವಂತೆ ಕುಕ್ಕಿ ಇಟ್ಟಳು. ಐದನೆಯ ದಿನ ಡಿಸ್ಕುಗಳನ್ನು ಗೆಳೆಯನ ಯಂತ್ರಕ್ಕೆ ಜೋಡಿಸಿದಾಗ ಅಜ್ಜಿ ಪರದೆಯ ಮೇಲೆ ನಕ್ಕಳು. ಆ ಫೋಟೊವನ್ನು ಲ್ಯಾಪ್‌ಟಾಪಿನಲ್ಲಿ ಮನೆಗೆ ತಂದು ತೋರಿಸಿದೆ. ಅವ್ವ ಸೆರಗಿನಿಂದ ಪರದೆ ಒರೆಸಿದಳು.

ಇವತ್ತು ಅವಳ ಮುಖ ತಿಳಿಯಾದದ್ದು ನೋಡಿ ಧೈರ್ಯ ಮಾಡಿದೆ. "ಅವ್ವಾ, ಭೋಸರಿಯೊಳಗ ಇನ್ನೊಂದು ಛಲೋ ಸರ್ವರ್ ಬಂದದಂತ..."

"ಒದರಾಕ ಮನ್ಯಾಗ ನೀ ಒಬ್ಬಾಂವ ಸಾಕು. ನಮ್ಮವ್ವನ ಫೋಟೊಕ್ಕ ಫ್ರೇಮ್ ಹಾಕಿಸು. ಅಕಿಗೆ ಗ್ವಾಡ್ಯಾಗ ಒಂದು ಮೊಳಿ ಸಾಕು."