ನೆಲದ ಮೇಲಿನದನ್ನು ಮುಟ್ಟದ ನಾಯಿ

ಕಂಬಳಿ ಮಗ್ಗದ ಬುಡದಲ್ಲಿ ಒಂದು ಕುಣಿ ಇರುತ್ತದೆ. ನೇಯುವವನು ಅದರೊಳಗೆ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂರಬೇಕು. ಬೆಳಿಗ್ಗೆ ಇಳಿದರೆ ಊಟಕ್ಕೆ ಏಳುವುದು, ಮತ್ತೆ ಇಳಿದರೆ ಬೆಳಕು ಹೋದ ಮೇಲೆ ಏಳುವುದು. ನಡುವೆ ಎದ್ದರೆ ಅಪ್ಪ ಕೇಳುತ್ತಿದ್ದ, “ಯಾಕಲೇ, ಕುಣಿಯಾಗೆ ಚೇಳು ಐತಾ?”

ನಾನು ಕುರಿ ಹಿಂದೆ ತಿರುಗಿದವನು. ಕೂಲಿಮಠದಲ್ಲಿ ಎರಡು ಮಳೆಗಾಲ ಮರಳಿನ ಮೇಲೆ ಬೆರಳಾಡಿಸಿದ್ದೇ ನನ್ನ ಓದು. ಪ್ಲೇಗಿಗೆ ಹೆದರಿ ನಮ್ಮ ಚಳ್ಳಕೆರೆಯವರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ ಅಣ್ಣ ಸತ್ತ. ಮಗ್ಗ ಅವನದಾಗಿತ್ತು. ಊರಿಗೆ ಮರಳಿದ ಮೇಲೆ ಅಪ್ಪ ಕುರಿಗಳನ್ನು ಚಿಕ್ಕಪ್ಪನ ಕೈಗೆ ಕೊಟ್ಟು ನನ್ನನ್ನು ಕುಣಿಗೆ ಇಳಿಸಿದ. ನನ್ನನ್ನು ಕೇಳಲಿಲ್ಲ. ಚಿಕ್ಕಪ್ಪ ಹೊರಡುವಾಗ ಕಿವಿಯಲ್ಲಿ, “ಒಂದು ವರ್ಷ ತಡಿಯಲೇ. ನಿಮ್ಮಪ್ಪನ ದುಃಖ ಇಳೀಲಿ, ಬಂದು ಕರಕೊಂಡು ಹೋಗ್ತೀನಿ” ಎಂದ. ಆ ಮಾತನ್ನು ಹಿಡಿದುಕೊಂಡು ಕೂತಿದ್ದೆ.

ನನ್ನ ಹಿಂದೆ ನಾಯಿಯೂ ಬಂತು. ಕರಿಯದು, ಎದೆಯ ಮೇಲೆ ಒಂದು ಬಿಳಿ ಮಚ್ಚೆ. ಹೆಸರಿಟ್ಟಿರಲಿಲ್ಲ. ಅವ್ವ ಮೊಳಕಾಲ್ಮೂರಿನ ಕಡೆಯವಳು, ಬಾ ಎನ್ನಲು “ದಾ” ಎಂದು ತೆಲುಗಿನಲ್ಲಿ ಕರೆಯುತ್ತಿದ್ದಳು. ಅದು ಅದಕ್ಕೇ ಬರುತ್ತಿತ್ತು. ಆಮೇಲೆ ನಾನೂ ಹಾಗೆಯೇ ಕರೆದೆ.

ಕುರಿ ಮೇಯುವ ಕಾವಲಿನಲ್ಲಿ ಬೆಳೆದ ನಾಯಿ ಸಿಕ್ಕಿದ್ದನ್ನು ನೆಲದಿಂದ ಎತ್ತಿ ತಿನ್ನುತ್ತದೆ. ಸತ್ತ ಮರಿ, ಹಳೆಯ ಮೂಳೆ, ಏನಾದರೂ ಸರಿ. ಊರಲ್ಲಿ ಅದೇ ಅದರ ಕುತ್ತಿಗೆಗೆ ಬರುವುದರಲ್ಲಿತ್ತು. ಆ ಬೇಸಗೆಯಲ್ಲಿ ಸಂತೆಗೆ ಬಂದ ಒಬ್ಬ ಹೆಂಗಸಿಗೆ ಹುಚ್ಚುನಾಯಿ ಕಚ್ಚಿ ಅವಳು ಸತ್ತಳು. ಊರ ಯಜಮಾನರು ಕೂತು ಮಾತಾಡಿದರು. ಮಾರನೆಯ ದಿನ ಡಂಗುರ ಸಾರಿದರು: ವಾರಕ್ಕೆ ಎರಡು ದಿನ ಬೀದಿ ಮೂಲೆಗಳಲ್ಲಿ ಕುರಿಯ ಕರುಳಿಗೆ ಪಾಷಾಣ ಸವರಿ ಇಡುತ್ತಾರೆ, ನಾಯಿ ಬೇಕಾದವರು ಕಟ್ಟಿಕೊಳ್ಳಿ. ಮೊದಲ ದಿನವೇ ನಮ್ಮ ಬೀದಿಯಲ್ಲಿ ಮೂರು ನಾಯಿ ಬಿದ್ದವು. ನನಗೆ ಕುಣಿಯಿಂದ ಅವುಗಳ ಸದ್ದು ಕೇಳಿಸಿತು.

ನಾಯಿಯನ್ನು ಮಗ್ಗದ ಗೂಟಕ್ಕೆ ಕಟ್ಟಿದೆ. ಅದು ಹಗ್ಗ ಎಳೆದಾಗಲೆಲ್ಲ ಗೂಟ ಅಲುಗಿ ಉದ್ದಕ್ಕೆ ಬಿಗಿದ ಹಾಸಿನ ನೂಲು ಸಡಿಲವಾಗುತ್ತಿತ್ತು. ಕಂಬಳಿಯ ಅಂಚು ಹಾವಿನಂತೆ ಬಂತು. ಕಂಬಕ್ಕೆ ಕಟ್ಟಿದರೆ ಊಳಿಟ್ಟಿತು, ಹಗ್ಗ ಕಡಿಯಿತು, ಒಂದು ಸಲ ಹಾಸಿನ ನೂಲಿಗೆ ಬಳಿಯಲು ಇಟ್ಟಿದ್ದ ಹುಣಸೆ ಬೀಜದ ಗಂಜಿಯ ಮಡಕೆಯನ್ನೇ ಉರುಳಿಸಿತು. ಅಪ್ಪ ಗಂಜಿ ನೋಡಿದ, ನನ್ನನ್ನು ನೋಡಿದ.

“ಬಿಚ್ಚಿಬಿಡು. ಸತ್ರೆ ಸಾಯ್ತೈತೆ. ಇಲ್ಲಾಂದ್ರೆ ಬಡಿದು ಕಲಿಸು.”

ಬಡಿದೆ. ಒಂದು ಮಾಂಸದ ಚೂರನ್ನು ಅಂಗಳದಲ್ಲಿ ಹಾಕಿ, ಅದು ಬಾಯಿ ಹಾಕುವಾಗ ಬೆನ್ನಿಗೆ ಕೋಲಿನಿಂದ ಕೊಟ್ಟೆ. ನಾಲ್ಕು ಸಲ. ಐದನೆಯ ಸಲ ಅದು ಮಾಂಸ ಮುಟ್ಟಲಿಲ್ಲ. ಗೆದ್ದೆ ಎಂದುಕೊಂಡು ಕುಣಿಗೆ ಇಳಿದೆ. ಬಗ್ಗಿ ಲಾಳಿ ಹಿಡಿಯುವಷ್ಟರಲ್ಲಿ ಮಾಂಸ ಇರಲಿಲ್ಲ. ನಾನು ನೋಡುತ್ತಿರುವಾಗ ತಿನ್ನಬಾರದು ಎಂಬುದನ್ನು ಮಾತ್ರ ಅದು ಕಲಿತಿತ್ತು. ನಾನೋ ಇಡೀ ದಿನ ಕುಣಿಯಲ್ಲಿ. ಬೀದಿಯಲ್ಲಿ ನೋಡುವವರು ಯಾರು?

ಆ ವಾರ ಚಿಕ್ಕಪ್ಪ ಈದ ಕುರಿಯ ಗಿಣ್ಣು ಕಳಿಸಿದ್ದ. ನಾನು ಕುಣಿಯಲ್ಲೇ ಕೂತು ತಿನ್ನುತ್ತಿದ್ದೆ. ನಾಯಿ ಎದುರಿಗೆ ಬಂದು ನಿಂತಿತು. ಹಾಗೆ ಕೂತಾಗ ನನ್ನ ಮುಖ, ಅದರ ಮುಖ ಒಂದೇ ಎತ್ತರ. ಕೊಡಲು ಮನಸ್ಸಿಲ್ಲದೆ ಗಿಣ್ಣನ್ನು ಮುಷ್ಟಿಯಲ್ಲಿ ಮುಚ್ಚಿದೆ. ಅದು ಮುಷ್ಟಿ ನೆಕ್ಕಿತು, ಉಗುರಿನಿಂದ ಕೆರೆಯಿತು, ಮೂಗು ತುರುಕಿತು. ಕೊನೆಗೆ ಬೇಸತ್ತು ಮುಷ್ಟಿ ಬಿಟ್ಟು ನನ್ನ ಕಣ್ಣು ನೋಡಿತು. ನಗು ಬಂದು ಕೈ ತೆರೆದೆ. ಮತ್ತೊಮ್ಮೆ ಮುಷ್ಟಿ ಹಿಡಿದೆ. ಈ ಸಲ ಬೇಗ ಬಿಟ್ಟು ನೋಡಿತು. ಮೂರನೆಯ ಸಲ ಮುಷ್ಟಿಯ ಕಡೆ ಹೋಗಲೇ ಇಲ್ಲ, ನೇರವಾಗಿ ನನ್ನ ಮುಖ ನೋಡಿತು.

ಆಮೇಲೆ ಚೂರನ್ನು ಕುಣಿಯ ಅಂಚಿನ ಮೇಲೆ ಇಟ್ಟೆ. ಬಾಯಿ ಹಾಕಲು ಬಂದರೆ ಅಂಗೈಯಿಂದ ಮುಚ್ಚುವುದು, ಬಯ್ಯುವುದಿಲ್ಲ. ಅದನ್ನು ಬಿಟ್ಟು ನನ್ನನ್ನು ನೋಡಿದರೆ ಇನ್ನೊಂದು ಕೈಯಿಂದ ಬೇರೆ ಚೂರು ಕೊಡುವುದು, ಮೊದಲಿನದಕ್ಕಿಂತ ದೊಡ್ಡದು. ನೆಲದ ಮೇಲಿನದನ್ನು ಯಾವತ್ತೂ ಕೊಡಲಿಲ್ಲ, ನಾನೇ ಎತ್ತಿ ಆಚೆ ಎಸೆದೆ. ಗಿಣ್ಣು ಮುಗಿದ ಮೇಲೆ ಒಣಗಿಸಿದ ಖಂಡದ ಚೂರುಗಳನ್ನು ಅಡಿಕೆ ಸಂಚಿಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಲಾಳಿ ಎಸೆಯುವುದು, ನಾಯಿ ನೋಡುವುದು, ಚೂರು ಕೊಡುವುದು. ಕೆಲಸ ನಿಲ್ಲುತ್ತಿರಲಿಲ್ಲವಾದ್ದರಿಂದ ಅಪ್ಪ ಏನೂ ಹೇಳುವಂತಿರಲಿಲ್ಲ.

ಅಂಗಳಕ್ಕೆ, ಬೀದಿಗೆ ಹೋಗಿ ಚೂರು ಇಡಲು ನನ್ನಿಂದ ಆಗದು. ಅವ್ವನನ್ನು ಕೇಳಿದೆ.

“ನನಗೇನು ಬೇರೆ ಕೆಲಸ ಇಲ್ಲೇನಪ್ಪ? ಬೀದಿ ತುಂಬಾ ಖಂಡ ಬಿತ್ತಕ್ಕೆ ಹೋಗ್ಲಾ?” ಎಂದಳು. ಆದರೂ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ನೀರಿಗೆ ಹೋಗುವಾಗ ಒಂದು, ಬೆರಣಿ ತಟ್ಟುವ ಕಡೆ ಒಂದು, ಬೇವಿನ ಮರದ ಬುಡಕ್ಕೆ ಒಂದು. ಅದು ಬಾಯಿ ಹಾಕಲು ಹೋದರೆ ಪಾದದಿಂದ ಮುಚ್ಚಿಬಿಡುತ್ತಿದ್ದಳು. ಬರಬರುತ್ತಾ ನಾಯಿ ಚೂರನ್ನು ಕಂಡರೆ ಅಲ್ಲಿಂದ ಓಡಿ ಬಂದು ಕುಣಿಯ ಅಂಚಿನಲ್ಲಿ ಕೂತು ನನ್ನನ್ನು ನೋಡುತ್ತಿತ್ತು. ಕೊಟ್ಟೇ ಕೊಡುತ್ತಿದ್ದೆ. ತಡ ಮಾಡುತ್ತಿರಲಿಲ್ಲ. ಮನೆಯ ಊಟವನ್ನೂ ಕೈಯಿಂದಲೇ ಕೊಡಬೇಕೆಂದು ಹಟ ಹಿಡಿದೆ.

“ನನ್ನ ಗಂಡನಿಗೂ ಹಿಂಗೆ ತುತ್ತು ಮಾಡಿ ಕೊಟ್ಟಿಲ್ಲ ನಾನು,” ಎಂದು ಅವ್ವ ಮುದ್ದೆ ಮುರಿದು ಅದರ ಬಾಯಿಗೆ ಇಡುತ್ತಿದ್ದಳು. “ತಗೋ ನಾಯನಾ, ನನ್ನಪ್ಪಾ, ಮದುಮಗನೇ.”

ಒಂದು ದಿನ ಅಪ್ಪನ ಕೈಯಿಂದ ಜಾರಿದ ಮುದ್ದೆಯನ್ನು ಅದು ನೆಲದಿಂದ ನೆಕ್ಕಿತು. ಅಷ್ಟಕ್ಕೆ ನಾಲ್ಕು ದಿನದ ಕೆಲಸ ಹಾಳಾಯಿತು, ಮತ್ತೆ ಮುಷ್ಟಿಯಿಂದ ಶುರು ಮಾಡಿದೆ. ನೆಲದಿಂದ ಒಂದು ಸಲ ಸಿಕ್ಕಿದರೂ ಸಾಕು, ಎರಡನೆಯದನ್ನು ಹುಡುಕುತ್ತದೆ. ಇದನ್ನು ಅಪ್ಪನಿಗೆ ಹೇಳಲು ಹೋದೆ. “ನಾಯಿ ನಿನಗೆ ಕಲಿಸ್ತೈತೋ, ನೀನು ನಾಯಿಗೆ ಕಲಿಸ್ತೀಯೋ?” ಎಂದ.

ಪಾಷಾಣ ಇಡುವ ದಿನಗಳಲ್ಲಿ ಕಟ್ಟಿಹಾಕುತ್ತಿದ್ದೆ. ಒಂದು ಮುಂಜಾನೆ ಹಗ್ಗ ಕಡಿದುಕೊಂಡು ಹೋಯಿತು. ನಾನು ಆಗಲೇ ಕುಣಿಯಲ್ಲಿದ್ದೆ. ಕರೆದೆ, ಬರಲಿಲ್ಲ. ಏಳಲು ಹೊರಟರೆ ಅಪ್ಪ ಎದುರಿಗೆ ಕೂತಿದ್ದ. “ಕೂಡ್ರು. ಕಲಿಸಿದ್ದೀಯಲ್ಲ, ನೋಡಾನ.” ಕೂತೆ. ಲಾಳಿ ಎಸೆದೆ. ಎಷ್ಟು ಸಲ ಎಸೆದೆನೋ ಗೊತ್ತಿಲ್ಲ, ಆ ದಿನದ ಒಂದು ಗೇಣು ಕಂಬಳಿಯನ್ನು ಆಮೇಲೆ ಬಿಚ್ಚಬೇಕಾಯಿತು. ಹೊರಗೆ ಯಾವುದೋ ನಾಯಿ ಒದ್ದಾಡುವ ಸದ್ದು. ಕರಿಯದೋ ಬೇರೆಯದೋ ತಿಳಿಯಲಿಲ್ಲ. ಆಗ ಬಾಗಿಲಲ್ಲಿ ಉಗುರಿನ ಸದ್ದಾಯಿತು. ಅದು ಓಡಿಬಂದು ಕುಣಿಯ ಅಂಚಿನಲ್ಲಿ ಕೂತು ನನ್ನ ಮುಖ ನೋಡಿತು. ಸಂಚಿಯಲ್ಲಿದ್ದದ್ದನ್ನೆಲ್ಲ ಕೊಟ್ಟೆ.

ಹಿಂದೆಯೇ ಅವ್ವ ಬಂದಳು. “ಬೇವಿನ ಮರದ ತಾವ ಕರುಳು ಬಿದ್ದೈತೆ. ಮೂಸಿ ನೋಡ್ತು ಕಣೋ, ತಿರುಗಿ ಒಂದೇ ಓಟ!” ಅಪ್ಪ ಎದ್ದು ಹೋದ. ಆವತ್ತಿನಿಂದ ಅದನ್ನು ಕಟ್ಟಲಿಲ್ಲ.

ನಮ್ಮ ಮನೆದೇವರು ಮೈಲಾರಲಿಂಗ. ಅವನಿಗೆ ನಾಯಿ ಎಂದರೆ ಸಾಮಾನ್ಯವಲ್ಲ. ಅವನ ದೀಕ್ಷೆ ತೊಟ್ಟ ಗೊರವರು ತಮ್ಮನ್ನು ಅವನ ನಾಯಿ ಎಂದೇ ಕರೆದುಕೊಳ್ಳುತ್ತಾರೆ. ನೆಲದ ಮೇಲಿಟ್ಟ ದೋಣಿಯಂಥ ಪಾತ್ರೆಗೆ ಬೊಗಳುತ್ತಾ ಬಾಯಿ ಹಾಕಿ ಪ್ರಸಾದ ಉಣ್ಣುತ್ತಾರೆ. ವರ್ಷಕ್ಕೊಮ್ಮೆ ನಮ್ಮ ಮನೆಯಲ್ಲಿ ದೋಣಿ ತುಂಬಿಸುತ್ತಿದ್ದರು. ಅನ್ನ, ಹಾಲು, ತುಪ್ಪ, ಬೆಲ್ಲ, ಬಾಳೆಹಣ್ಣು. ಆ ದಿನ ಮೊದಲು ಮನೆಯ ನಾಯಿಗೆ ಭಂಡಾರದ ಅರಿಶಿನ ಹಚ್ಚಿ ದೋಣಿಯ ಮುಂದೆ ಬಿಡಬೇಕು. ಅದು ಬಾಯಿ ಹಾಕಿದ ಮೇಲೆ ಗೊರವ, ಆಮೇಲೆ ಮನೆಯವರು. ತುಂಬಿಸಿದ ಮೇಲೆ ನಾಯಿಗೂ ಮುಂಚೆ ಮನುಷ್ಯನ ಕೈ ಅದಕ್ಕೆ ಸೋಕುವಂತಿಲ್ಲ. ಹಿಂದೆಲ್ಲ ಮನೆಯಲ್ಲಿದ್ದ ನಾಯಿಗಳನ್ನು ಹಿಡಿದು ನಿಲ್ಲಿಸುವುದೇ ಕಷ್ಟವಾಗುತ್ತಿತ್ತು. ಕಲಿಸುವಾಗ ನನಗೆ ಈ ದಿನ ನೆನಪೇ ಆಗಿರಲಿಲ್ಲ. ನೆಲದಿಂದ ತಿನ್ನು ಎನ್ನುವ ಮಾತನ್ನು ನಾನು ಅದಕ್ಕೆ ಕಲಿಸಿಯೇ ಇರಲಿಲ್ಲ.

ಮೊಳಕಾಲ್ಮೂರಿನ ಕಡೆಯಿಂದ ಮುದುಕ ಗೊರವ ಬಂದಿದ್ದ. ಕರಿಯ ಕಂಬಳಿಯ ನಿಲುವಂಗಿ, ಸೊಂಟದಲ್ಲಿ ಗಂಟೆ. ಬೀದಿಯವರು ಅಂಗಳ ತುಂಬಿದ್ದರು. ಅಪ್ಪ ನಾಯಿಯ ಹಣೆಗೆ ಭಂಡಾರ ಹಚ್ಚಿ ಬಿಟ್ಟ. ನಾಯಿ ದೋಣಿಯ ಹತ್ತಿರ ಹೋಯಿತು, ಮೂಸಿತು, ತಿರುಗಿ ಓಡಿಬಂದು ನನ್ನ ಮುಂದೆ ಕೂತು ನನ್ನ ಮುಖ ನೋಡಿತು.

ಅಪ್ಪ ಕುತ್ತಿಗೆ ಹಿಡಿದು ಎಳೆದೊಯ್ದು ಮೂತಿಯನ್ನು ಅನ್ನದ ಹತ್ತಿರ ಒತ್ತಿದ. ಅದು ಹಲ್ಲು ಕಚ್ಚಿಕೊಂಡು ಹಿಂದಕ್ಕೆ ಜಗ್ಗಿತು. ಬಾಯಿಯ ಪಕ್ಕದಲ್ಲಿ ಜೊಲ್ಲು ಸುರಿಯಿತು.

“ತುಪ್ಪದ ಅನ್ನ ಬಿಡ್ತೈತೆ ಅಂದ್ರೆ ಅದಕ್ಕೆ ಹುಚ್ಚು ಹಿಡಿದೈತೆ,” ಎಂದು ಪಕ್ಕದ ಮನೆಯವನು ಹಿಂದೆ ಸರಿದ. “ಜೊಲ್ಲು ನೋಡ್ರಿ.”

“ಇಲ್ಲ, ನಾನು ಕಲಿಸಿದ್ದು ಅದು!” ಎಂದೆ. “ನೆಲದ ಮ್ಯಾಲಿನದು ತಿನ್ನಬಾರದು ಅಂತ ಕಲಿಸೀನಿ. ಕೈಯಾಗೆ ಕೊಟ್ರೆ ತಿಂತೈತೆ.” ದೇವರ ದಿನವೆಂದು ಖಂಡದ ಸಂಚಿ ಸೊಂಟದಲ್ಲಿರಲಿಲ್ಲ, ದೋಣಿ ಮುಗಿಯುವವರೆಗೆ ಮನೆಯಲ್ಲಿ ಬೇರೇನೂ ಕೊಡುವಂತಿರಲಿಲ್ಲ.

“ದೇವರ ಅನ್ನಕ್ಕೆ ನಿನ್ನ ಅಪ್ಪಣೆ ಕೇಳ್ತೈತೇನಲೇ?” ಎಂದ ಅಪ್ಪ.

ಹುಚ್ಚಿದ್ದರೆ ನೀರಿಗೆ ಹೆದರುತ್ತದೆಂದು ಯಾರೋ ನೀರಿನ ತಟ್ಟೆ ತಳ್ಳಿದರು. ಸುತ್ತ ಜನ ಕಂಡು ನಾಯಿ ಬೆದರಿ ಅದನ್ನೂ ಮುಟ್ಟಲಿಲ್ಲ. ಮಕ್ಕಳನ್ನು ಒಳಗೆ ಎಳೆದುಕೊಂಡರು. ಅಪ್ಪ ಒನಕೆ ತಂದ. ಹುಚ್ಚಿನ ಹೆದರಿಕೆಯೋ, ಊರ ಮುಂದೆ ದೇವರ ಅನ್ನ ನಿಂತುಹೋದ ಅವಮಾನವೋ, ಎರಡೂ ಇದ್ದಿರಬೇಕು.

“ತಾತಾ, ನೀವಾದ್ರೂ ಹೇಳ್ರಿ,” ಎಂದು ಗೊರವನ ಕಡೆ ತಿರುಗಿದೆ. “ದೋಣಿಯಿಂದ ಒಂದು ತುತ್ತು ಎತ್ತಿ ಕೊಡ್ತೀನಿ. ತಿಂದ್ರೆ ಹುಚ್ಚಿಲ್ಲ ಅಂತ ಗೊತ್ತಾಗ್ತೈತೆ.”

“ಕೈ ಹಾಕಿದ್ರೆ ಕೆಟ್ಟೋಯ್ತು ಕಣಪ್ಪ,” ಎಂದ ಅವನು. “ಇದು ನಾಯಿ ಬಾಯಿಗೆ ಇಟ್ಟಿದ್ದು. ನಾಯಿ ಇಲ್ಲಾಂದ್ರೆ ಗೊರವನ ಬಾಯಿ. ಕೈ ಯಾರದೂ ಇಲ್ಲ.”

“ಹಂಗಾದ್ರೆ ಮೊದಲು ನೀವೇ ಬಾಯಿ ಹಾಕ್ರಿ.”

“ಹುಚ್ಚುನಾಯಿ ಮೂಸಿದ್ದಕ್ಕಾ?” ಎಂದು ಮುದುಕ ನಕ್ಕ. ಜನವೂ ನಕ್ಕರು. ಅಪ್ಪ ನಗಲಿಲ್ಲ. ಒನಕೆ ಮೇಲೆ ಹೋಯಿತು. ನಾಯಿ ಇನ್ನೂ ನನ್ನನ್ನೇ ನೋಡುತ್ತಿತ್ತು, ಚೂರು ಕೊಡುತ್ತೇನೆಂದು.

ದೋಣಿಗೆ ಬಾಯಿ ಹಾಕುವವನು ಗೊರವ ಮಾತ್ರ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಜನಕ್ಕೆ ಹೇಳಿದ್ದೇನೆ, ಅದು ಸುಳ್ಳು. ಮಂಡಿಯೂರಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಖವನ್ನು ಅನ್ನಕ್ಕೆ ಇಟ್ಟೆ. ತುಪ್ಪ ಮೂಗಿಗೆ ಹತ್ತಿತು. ಬಾಯಿ ತುಂಬ ತೆಗೆದುಕೊಂಡು ಎದ್ದು, ಅದನ್ನು ಅಂಗೈಗೆ ಉಗುಳಿ ನಾಯಿಯ ಮುಂದೆ ಹಿಡಿದೆ. ಗಬಕ್ಕನೆ ತಿಂದಿತು. ಬೆರಳುಗಳ ಸಂದಿಯನ್ನೂ ನೆಕ್ಕಿತು. ಬಾಲ ನೆಲಕ್ಕೆ ಬಡಿಯಿತು. ಇನ್ನೊಮ್ಮೆ ಬಗ್ಗಿ ತಂದೆ, ಇನ್ನೊಮ್ಮೆ ತಿಂದಿತು. ನನ್ನ ಗಲ್ಲಕ್ಕೆ ಮೆತ್ತಿದ್ದ ಹಾಲನ್ನೂ ನೆಕ್ಕಿತು.

ಅಪ್ಪ ಒನಕೆ ಇಳಿಸಿದ.

“ಹುಚ್ಚಿಲ್ಲ,” ಎಂದ ಗೊರವ. ಆಮೇಲೆ ನಗು ನಿಲ್ಲಿಸಿ ತನ್ನ ಚೀಲದಿಂದ ಭಂಡಾರ ತೆಗೆದು ನನ್ನ ಹಣೆ ತುಂಬ ಬಳಿದ. “ಆದರೆ ನೀನು ದೋಣಿಗೆ ಬಾಯಿ ಹಾಕಿದ್ದೀಯ. ಇವತ್ತಿನಿಂದ ನೀನು ಅವನ ನಾಯಿ.”

“ತಾತಾ, ನಾನು ದೇವರಿಗೆ ಅಂತ ಹಾಕಲಿಲ್ಲ. ನಾಯಿಗೆ ಅಂತ ಹಾಕಿದೆ.”

“ಯಾವುದಕ್ಕೆ ಹಾಕಿದೆ ಅಂತ ಅವನು ಕೇಳಲ್ಲ. ಹಾಕಿದೆಯಾ ಇಲ್ವಾ, ಅಷ್ಟೇ.”

ಬಿಡಿಸಿಕೊಳ್ಳುವ ದಾರಿ ಇದೆಯೇ ಎಂದು ಕೇಳಿದೆ. ತನಗೆ ತಿಳಿದಂತೆ ಇಲ್ಲ ಎಂದ. ಪ್ರತಿ ಭಾನುವಾರ ಗಂಟೆ ಕಟ್ಟಿಕೊಂಡು ಈ ಊರಿನ ಮನೆಗಳಿಗೆ ಭಿಕ್ಷೆಗೆ ಹೋಗಬೇಕು, ಬದುಕಿರುವವರೆಗೆ. ಕುರಿಯವರು ಭಾನುವಾರಕ್ಕೆ ಊರು ಮುಟ್ಟುವುದಿಲ್ಲ, ಒಂದೊಂದು ಸಲ ತಿಂಗಳುಗಟ್ಟಲೆ ಮುಟ್ಟುವುದಿಲ್ಲ. ಗುಂಪಿನಲ್ಲಿ ಚಿಕ್ಕಪ್ಪ ನಿಂತಿದ್ದ, ಹಬ್ಬಕ್ಕೆಂದು ಬಂದವನು. ನಾನು ನೋಡಿದಾಗ ತಲೆ ತಗ್ಗಿಸಿ ಪೇಟ ಸರಿಮಾಡಿಕೊಂಡ. ಅಪ್ಪ ಮಾತ್ರ ಬಹಳ ದಿನಗಳ ಮೇಲೆ ನೆಟ್ಟಗೆ ನಿಂತಿದ್ದ. ಜನ ಅವನಿಗೆ ಕೈಮುಗಿಯುತ್ತಿದ್ದರು.

ಮಗ್ಗದ ಮೇಲಿದ್ದ ಕಂಬಳಿ ಮುಗಿದ ಮೇಲೆ ಅಪ್ಪ ಅಪ್ಪಟ ಕರಿ ಉಣ್ಣೆಯ ನೂಲು ತಂದು ನನ್ನ ಮುಂದೆ ಇಟ್ಟ. “ನಿಲುವಂಗಿಗೆ. ನಿಂದು ನೀನೇ ನೇಯ್ಕೋ. ಬೇರೆಯವರು ನೇಯ್ದಿದ್ದು ಬ್ಯಾಡ.”

ಅವ್ವ ನನ್ನ ಹೆಗಲಿನಿಂದ ಹಿಮ್ಮಡಿಯವರೆಗೆ ದಾರ ಹಿಡಿದು ಅಳತೆ ತೆಗೆದಳು. ಮುಖ ನೋಡಲಿಲ್ಲ. “ಒಂದು ಗೇಣು ಜಾಸ್ತಿ ಇಡು ನಾಯನಾ,” ಎಂದಳು, “ಒಗೆದ್ರೆ ಕುಗ್ತೈತೆ.”

ಕುಣಿಗೆ ಇಳಿದು ಲಾಳಿ ಹಿಡಿದೆ. ಬಾಗಿಲು ತೆರೆದಿತ್ತು. ನಾಯಿ ಮೈ ಕೊಡವಿಕೊಂಡು ಎದ್ದು, ಒಮ್ಮೆ ಆಕಳಿಸಿ, ಬೀದಿಗೆ ಹೋಯಿತು. ನಾನು ಕರೆಯಲಿಲ್ಲ.