ಹುಲ್ಲು ಬಾಚುವವರು ಬೇಕಾಗಿದ್ದಾರೆ

ಹುಲ್ಲಿಗೂ ಧೂಳು ಹಿಡಿಯುತ್ತದೆ ಎಂಬ ಸಂಗತಿ ನನ್ನ ಗಮನಕ್ಕೆ ಬಂದದ್ದು ಕಾಲೇಜಿನಿಂದ ನಿವೃತ್ತನಾದ ಮೇಲೆ. ನಿಜವಾದ ಹುಲ್ಲಿಗೂ ಹಿಡಿಯುತ್ತಿರಬೇಕು. ಆದರೆ ಅದು ಒಂದು ಮಳೆಗೆ ಮುಖ ತೊಳೆದುಕೊಂಡು, ಹಳೆಯ ಎಸಳನ್ನು ಬಿಟ್ಟು ಹೊಸದನ್ನು ತೊಟ್ಟು, ತನ್ನ ಮಡಿಯನ್ನು ತಾನೇ ನೋಡಿಕೊಳ್ಳುತ್ತದೆ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಅಂಗಳದಲ್ಲಿ ಹಾಸಿದ ಹುಲ್ಲಿಗೆ ಆ ಸ್ವಾವಲಂಬನೆ ಇರಲಿಲ್ಲ, ಏಕೆಂದರೆ ಅದು ಪ್ಲಾಸ್ಟಿಕ್ಕಿನದು. ಸೇವಾವಧಿಯುದ್ದಕ್ಕೂ ಸಂಸ್ಕೃತ ಕಲಿಸುತ್ತ, ‘ತೃಣಮಾತ್ರ’, ‘ತೃಣಸಮಾನ’ ಎಂದು ಹುಲ್ಲನ್ನು ತಾತ್ಸಾರದ ಉದಾಹರಣೆಯಾಗಿಯೇ ಬಳಸಿದವನು ನಾನು. ಆ ತೃಣವೇ ಒಂದು ದಿನ ನನ್ನನ್ನು ಅಂಗಳದಲ್ಲಿ ಮೊಣಕಾಲೂರಿಸಿ, ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಹುಲ್ಲುಜ್ಜುವ ಕಾಯಕಕ್ಕೆ ಹಚ್ಚಿ, ತನ್ನ ಸೇಡು ತೀರಿಸಿಕೊಂಡಿತು.

ಈ ಹುಲ್ಲು ನಮ್ಮ ಮನೆಗೆ ಬಂದದ್ದು ಅಲಂಕಾರಕ್ಕಲ್ಲ. ನನ್ನ ಅಕ್ಕ ಇಂದಿರಾ ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಮದುವೆಯ ಗೊಡವೆಗೆ ಹೋಗದೆ, ಸೀಟಿಯನ್ನೇ ಆಭರಣದಂತೆ ಕೊರಳಲ್ಲಿ ಧರಿಸಿ, ಊರಿನ ಅರ್ಧದಷ್ಟು ಹೆಣ್ಣುಮಕ್ಕಳಿಗೆ ಬೆನ್ನು ನೆಟ್ಟಗೆ ಮಾಡಿ ನಿಲ್ಲುವುದನ್ನು ಕಲಿಸಿದವಳು. ನಿವೃತ್ತಿಯ ನಂತರ ನಮ್ಮೊಂದಿಗೇ ಇದ್ದು ನನ್ನ ಬೆನ್ನನ್ನೂ ನೆಟ್ಟಗೆ ಮಾಡಲು ಶ್ರಮಿಸುತ್ತಿದ್ದಳು. ಈ ಶತಮಾನದ ಮೊದಲ ದಶಕ ಮುಗಿಯುತ್ತ ಬಂದಿದ್ದ ಒಂದು ಶ್ರಾವಣದಲ್ಲಿ ಅಂಗಳದ ಒದ್ದೆ ಫರಸಿ ಹಾಸುಗಲ್ಲಿನ ಮೇಲೆ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಪರೇಷನ್ ಆಯಿತು, ಎಲುಬು ಕೂಡಿತು. ಧೈರ್ಯ ಮಾತ್ರ ಕೂಡಲಿಲ್ಲ. ವಾಕರ್ ಹಿಡಿದು ಪಡಸಾಲೆಯ ತನಕ ಬರುತ್ತಿದ್ದಳು, ಹೊರಗಿನ ಫರಸಿಗಲ್ಲನ್ನು ನೋಡುತ್ತಿದ್ದಳು, ಮರಳಿ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದಳು. ಸಾವಿರಾರು ಹುಡುಗಿಯರನ್ನು ಓಡಿಸಿದ ಹೆಂಗಸು ಹಾಗೆ ಕೂತುಬಿಟ್ಟದ್ದನ್ನು ನೋಡುವುದು ಮನೆಯವರಿಗೆ ಸುಲಭವಾಗಿರಲಿಲ್ಲ. ತಪಾಸಣೆಗೆ ಬಂದ ಡಾಕ್ಟರು ನನ್ನನ್ನು ಗೇಟಿನ ಹತ್ತಿರ ಕರೆದು ಮೆಲ್ಲಗೆ ಹೇಳಿದರು:

“ಸರ, ಇವರು ಈಗ ನಡೀಲಿಲ್ಲಂದ್ರ ಮುಂದ ನಡಿಯೂದಿಲ್ರಿ. ಹೆಂಗರೆ ಮಾಡಿ ನಡಸ್ರಿ.”

ಉಪಾಯ ಹೊಳೆದದ್ದು ನನ್ನ ಹೆಂಡತಿ ಶಾಲಿನಿಗೆ. ಕಾಲೂರಲು ಮೆತ್ತಗಿನ ನೆಲವೊಂದಿದ್ದರೆ ಅಕ್ಕ ಇಳಿದಾಳು ಎಂಬುದು ಅವಳ ತರ್ಕ. ನಿಜವಾದ ಹುಲ್ಲು ಬೆಳೆಸೋಣವೆಂದರೆ ನಮ್ಮ ಊರಿನ ನಳಕ್ಕೆ ಬರುವ ನೀರು ಮನಸ್ಸು ಬಂದಾಗ ಬರುವ ನೆಂಟ; ಕುಡಿಯಲು ತುಂಬಿಟ್ಟುಕೊಂಡರೆ ಸಾಕಾಗಿತ್ತು. ಹುಬ್ಬಳ್ಳಿಯ ಹೋಟೆಲೊಂದರ ಅಂಗಳದಲ್ಲಿ ಶಾಲಿನಿ ಕಂಡಿದ್ದ ಕೃತಕ ಹುಲ್ಲು ಹೀಗೆ ನಮ್ಮಲ್ಲಿಗೆ ಬಂದು, ಪಡಸಾಲೆಯ ಮೆಟ್ಟಿಲಿನಿಂದ ಮಾವಿನ ಗಿಡದವರೆಗೆ ಹಾಸಿಕೊಂಡಿತು. ಗೇಟಿನವರೆಗೆ ಹಾಸಲು ತುಂಡು ಸಾಲಲಿಲ್ಲ. ಅಕ್ಕ ಒಂದು ವಾರ ಅದನ್ನು ಅನುಮಾನದಿಂದ ನೋಡಿ, ಒಂದು ಬೆಳಿಗ್ಗೆ ಯಾರನ್ನೂ ಕರೆಯದೆ ಬರಿಗಾಲಲ್ಲಿ ಇಳಿದಳು. ವಾಕರ್ ಮುಂದೆ, ಅವಳು ಹಿಂದೆ. ಅಡುಗೆಮನೆಯ ಕಿಟಕಿಯಲ್ಲಿ ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಆ ದಿನದ ಚಹಾ ಉಕ್ಕಿ ಹೋಯಿತು, ಯಾರೂ ಬೇಸರಿಸಲಿಲ್ಲ.

ಚಳಿಗಾಲ ಕೃತಕೃತ್ಯರಾಗಿ ಕಳೆದೆವು. ಆಮೇಲೆ ಮಾವು ಹೂಬಿಟ್ಟು ಅಂಟು ಸುರಿಸತೊಡಗಿತು, ರಸ್ತೆಯ ಕೆಂಧೂಳು ಆ ಅಂಟಿಗೆ ಬಂದು ಕೂತಿತು, ಪಕ್ಕದ ಮನೆಯ ಬೆಕ್ಕು ನಮ್ಮ ಹುಲ್ಲಿನ ಮೂಲೆಯೊಂದನ್ನು ತನ್ನ ಶೌಚಾಲಯವೆಂದು ಘೋಷಿಸಿತು. ಅಕ್ಕ ದಿನವೂ ನಡೆದ ಹಾದಿಯಲ್ಲಿ ಎಸಳುಗಳು ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಮಲಗಿಬಿಟ್ಟವು. ಬೇಸಿಗೆ ಶುರುವಾಗುತ್ತಲೇ ಅಕಾಲದ ಅಡ್ಡಮಳೆ ಎರಡು ಸಲ ಹೊಡೆದದ್ದೇ, ಆ ಮಲಗಿದ ಜಾಗದಲ್ಲೆಲ್ಲ ಲೋಳೆಲೋಳೆಯಾದ ಪಾಚಿ ಕಟ್ಟಿತು. ಒಂದು ಮುಂಜಾನೆ ಅಕ್ಕನ ವಾಕರಿನ ಕಾಲು ಅದರ ಮೇಲೆ ಸರ್ರನೆ ಸರಿಯಿತು. ಪುಣ್ಯಕ್ಕೆ ನಾನು ಹತ್ತಿರವೇ ಇದ್ದು ಹಿಡಿದುಕೊಂಡೆ. ಅವಳು ಬೀಳಲಿಲ್ಲ, ಆದರೆ ಮುಖ ಬಿಳಿಚಿಕೊಂಡಿತ್ತು.

“ನಿಮ್ಮ ಹುಲ್ಲೂ ಆ ಫರಸೀನೂ ಒಂದ ಜಾತಿ,” ಎಂದವಳೇ ಒಳಗೆ ಹೋಗಿ ಕುರ್ಚಿಯಲ್ಲಿ ಕೂತಳು. ಮರುದಿನ ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ಹಲ್ಲಿನ ಬ್ರಶ್ ಹಿಡಿದು ನಾನು ಅಂಗಳಕ್ಕಿಳಿದದ್ದು ಆ ಕಾಲದಲ್ಲಿ. ಒಂದು ಬೆಳಗಿನ ತಪಸ್ಸಿನ ಫಲವಾಗಿ ಒಂದು ಊಟದೆಲೆಯಷ್ಟು ಜಾಗ ಶುದ್ಧವಾಯಿತು, ನನ್ನ ಸೊಂಟ ಅಶುದ್ಧವಾಯಿತು. ಇದು ತಿಳಿದವರ ಕೆಲಸ, ಅಂಥವರನ್ನು ಹುಡುಕಬೇಕು ಎಂದು ನಿಶ್ಚಯಿಸಿದೆ.

ಹುಡುಕುವುದೇನೋ ಸರಿ, ಆದರೆ ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳಲ್ಲಿ ಆಗ ಇಂಥ ಹುಲ್ಲನ್ನು ಮಾರುವವರು ಸಿಗುತ್ತಿದ್ದರೇ ಹೊರತು ಸಾಕುವವರು ಅಪರೂಪ. ಮೊದಲು ಬಂದವನು ದೇಶಪಾಂಡೆ ನಗರದ ಅಂಗಡಿಯೊಂದರ ತರುಣ. ಟೈ ಕಟ್ಟಿದ್ದ, ಬೂಟು ಮಿಂಚುತ್ತಿದ್ದವು. ಬಣ್ಣದ ಚಿತ್ರಗಳ ಪುಸ್ತಿಕೆಯಲ್ಲಿ ಹೊಂಗೂದಲಿನ ಮಕ್ಕಳು ಹುಲ್ಲಿನ ಮೇಲೆ ಉರುಳಾಡುತ್ತಿದ್ದರು. ಅವನು ನನ್ನನ್ನು ಮಾತುಮಾತಿಗೂ ‘ಪ್ರೊಫೆಸರ್ ಸಾಹೇಬರ’ ಎನ್ನುತ್ತಿದ್ದುದರಿಂದ, ಹುಲ್ಲಿಗೆ ಅವನು ಏನು ಮಾಡುತ್ತಾನೆಂದು ಕೇಳುವುದನ್ನೇ ಮರೆತು ನಾನು ಒಪ್ಪಿಕೊಳ್ಳುವ ಹಂತದಲ್ಲಿದ್ದೆ. ಆಗ ಕಿಟಕಿಯೊಳಗಿನಿಂದ ಅಕ್ಕನ ಧ್ವನಿ ಬಂತು:

“ಏನಪಾ ತಮ್ಮಾ, ಬೂಟ ಬಿಚ್ಚಿ ಅದರ ಮ್ಯಾಲ ಒಂದೀಟ ನಡದು ತೋರಸು ನೋಡೋಣು.”

ಅವನು ತನ್ನ ಬಿಳಿ ಕಾಲುಚೀಲವನ್ನೂ ನಮ್ಮ ಹುಲ್ಲನ್ನೂ ನೋಡಿದ. “ಮೇಡಂ, ಭಾಳ ಹೊಲಸ ಐತ್ರಿ.”

“ಅದಕ್ಕ ನಿನ್ನ ಕರದೇವಿ,” ಎಂದಳು ಅಕ್ಕ. ಪುಸ್ತಿಕೆಯ ಮಕ್ಕಳು ಉರುಳಾಡುತ್ತಲೇ ಚೀಲ ಸೇರಿದರು.

ಎರಡನೆಯವನು ಕಲ್ಯಾಣ ಮಂಟಪಗಳ ಜಮಖಾನೆ ತೊಳೆಯುವ ಉದ್ಯೋಗಿ. ಕೇಳುವ ಮೊದಲೇ ಚಪ್ಪಲಿ ಬಿಟ್ಟ, ಇದು ನನಗೆ ಶುಭಶಕುನವೆನಿಸಿತು. ಮೂಲೆಯಲ್ಲಿ ಸಾಬೂನಿನ ಪುಡಿ ಚೆಲ್ಲಿ, ಯಂತ್ರದಿಂದ ನೀರು ಹೊಡೆದದ್ದೇ, ನಮ್ಮ ಅಂಗಳ ಪುರಾಣದ ಕ್ಷೀರಸಮುದ್ರವಾಯಿತು. ಅಂದು ಅಕ್ಕ ಕಿಟಕಿಯಲ್ಲಿರಲಿಲ್ಲ; ವಾಕರ್ ಹಿಡಿದು ಪಡಸಾಲೆಯ ಅಂಚಿಗೇ ಬಂದು ನಿಂತಿದ್ದಳು.

“ಈ ಸಾಬೂನ ಪೂರಾ ಹೋಗತದೇನು?” ಎಂದು ಕೇಳಿದಳು.

“ಸ್ವಲ್ಪ ಉಳೀತೈತ್ರಿ ಬಾಯಾರ. ಉಳದ್ರ ಛಲೋನ. ಘಮಾ ಬರತೈತಿ.”

“ಘಮಾ ಬರತದ, ನಾ ಹೋಗತೇನಿ,” ಎಂದಳು ಅಕ್ಕ. ಅವನು ಒಳ್ಳೆಯ ಮನುಷ್ಯ. ಒಂದು ಕ್ಷಣ ಯೋಚಿಸಿ, ಅರ್ಥವಾಗಿ, ತಾನೇ ನಕ್ಕು, ಸಾಬೂನು ಪೂರಾ ಹೋಗುವವರೆಗೆ ನೀರು ಹೊಡೆದು, ಚಹಾ ಕುಡಿದು ಹೋದ. ಜಮಖಾನೆಯ ಮೇಲೆ ಜನ ಕೂರುತ್ತಾರೆ, ಇದರ ಮೇಲೆ ನಡೆಯುತ್ತಾರೆ, ಸಾಬೂನು ಉಳಿದರೆ ಜಾರುತ್ತಾರೆ ಎಂಬ ಭೇದ ನನಗೂ ಅಲ್ಲಿಯತನಕ ಹೊಳೆದಿರಲಿಲ್ಲ. ಇನ್ನೊಂದು ಸಂಗತಿಯನ್ನೂ ಆಗ ಗಮನಿಸಿದೆ. ವಾರವಿಡೀ ಕುರ್ಚಿ ಬಿಡದ ಅಕ್ಕ, ಬಂದವರನ್ನು ಪರೀಕ್ಷಿಸುವ ನೆಪದಲ್ಲಿ ಬಾಗಿಲಿನವರೆಗೆ ಬಂದಿದ್ದಳು. ಶಾಲಿನಿಯೂ ಅದನ್ನು ಗಮನಿಸಿದ್ದಳು. ‘ಇನ್ನೊಬ್ಬರನ್ನ ಕರಸ್ರಿ’ ಎಂದು ಅವಳು ಕಣ್ಣಲ್ಲೇ ಹೇಳಿದಳು.

ಇನ್ನೊಬ್ಬರು ಬೈರಿದೇವರಕೊಪ್ಪದಿಂದ ಸ್ಕೂಟರಿನಲ್ಲಿ ಬಂದರು. ರೇಣುಕಾ ಎಂಬ ನಡುವಯಸ್ಸಿನ, ಚುರುಕು ಮಾತಿನ ಹೆಂಗಸು. ಗಂಡನ ಜೊತೆ ಸೇರಿ ಹೋಟೆಲು, ಶಾಲೆಗಳ ಇಂಥ ಹುಲ್ಲುಹಾಸುಗಳನ್ನು ನೋಡಿಕೊಳ್ಳುವ ವ್ಯವಹಾರ ನಡೆಸುತ್ತಿದ್ದರು. ಹೆಲ್ಮೆಟ್ಟನ್ನು ಮಾವಿನ ಕೊಂಬೆಗೆ ಸಿಕ್ಕಿಸಿ, ಬರಿಗಾಲಲ್ಲಿ ಇಡೀ ಅಂಗಳ ಸುತ್ತಿ, ಅಂಚನ್ನು ಎತ್ತಿ ಕೆಳಗೆ ಇಣುಕಿ, ಕೊನೆಗೆ ನನ್ನನ್ನು ಬಿಟ್ಟು ನೇರವಾಗಿ ಪಡಸಾಲೆಯಲ್ಲಿ ನಿಂತಿದ್ದ ಅಕ್ಕನನ್ನೇ ನೋಡಿ ಮಾತಾಡಿದರು:

“ಪಾಚಿ ತಗೀತೇವ್ರಿ, ಮಲಗಿದ ಎಳಿ ಎಬ್ಬಸ್ತೇವಿ, ಬುಡಕ್ಕ ಹೊಸಾ ಉಸುಕು ಹಾಕತೇವಿ. ಆದ್ರ ಬೆಕ್ಕಿನ ಹೊಣಿ ನಮ್ದಲ್ರಿ. ಈ ಗಿಡದ ಕೆಳಗ ಹೂ ಬಿಟ್ಟಾಗೆಲ್ಲಾ ಅಂಟು ಆಗೂದನ. ಅದಾಗಂಗಿಲ್ಲ ಅಂತ ನಾ ಸುಳ್ಳ ಹೇಳಂಗಿಲ್ಲ.”

ತಮ್ಮಿಂದ ಏನು ಆಗುವುದಿಲ್ಲವೆಂದು ಹೇಳಿದ ಮೊದಲ ಅಭ್ಯರ್ಥಿ ಇವರು. ಅಕ್ಕನ ಹುಬ್ಬು ಮೇಲಕ್ಕೇರಿತು. “ಮತ್ತ ನಿಮ್ಮ ಕೆಲಸ ತಾಳತದ ಅಂತ ಹೆಂಗ ನಂಬೂದು?”

“ಹೋದ ವರ್ಷದಿಂದ ನಮ್ಮೂರಾಗ ಸಣ್ಣ ಮಕ್ಕಳ ಸಾಲೀದು ನೋಡ್ಕೊಳ್ಳಾಕತ್ತೇವಿ. ದಿನಾ ಅಷ್ಟೂ ಹುಡುಗ್ರು ಅದರ ಮ್ಯಾಲ ಕುಣೀತಾವು. ಬಂದು ನೋಡ್ರಿ.”

ನಾನು ಗಂಭೀರವಾಗಿ, “ನಾ ಹೋಗಿ ನೋಡಿ ಬರತೇನಿ,” ಎಂದೆ.

“ನೀ ಹೋಗಿ ಏನ ನೋಡತಿ ವಾಸು? ನಿನಗ ಹಸರ ಕಂಡದ್ದೆಲ್ಲಾ ಹುಲ್ಲ,” ಎಂದಳು ಅಕ್ಕ. “ನಾನ ಬರತೇನಿ.”

 ಅವಳೇ ತನ್ನ ಮಾತನ್ನು ಕೇಳಿ ಬೆಚ್ಚಿದಂತಿತ್ತು. ಆದರೆ ಡ್ರಿಲ್ ಟೀಚರು ಕೊಟ್ಟ ಆದೇಶವನ್ನು ಹಿಂತೆಗೆದುಕೊಂಡ ಇತಿಹಾಸವಿರಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಹಳೆಯ ಕಾರನ್ನು ಗೇಟಿಗೆ ತಂದು ನಿಲ್ಲಿಸಿದೆ. ಅಕ್ಕ ಶಾಲಿನಿಯ ತೋಳು ಹಿಡಿದು, ಪಾಚಿ ತಪ್ಪಿಸುತ್ತ, ಹುಲ್ಲಿನ ಅಂಚಿನವರೆಗೆ ಬಂದು ನಿಂತಳು. ಅಲ್ಲಿಂದ ಗೇಟಿಗೆ ಬರೀ ಫರಸಿ. ಒಣಗಿದ ಫರಸಿಯೇ, ಬಿಸಿಲು ಬಿದ್ದಿತ್ತು. ಆದರೂ ಅವಳ ಬೆರಳುಗಳು ವಾಕರಿನ ಮೇಲೆ ಬಿಳಿಯಾಗಿದ್ದವು. ಏನಾದರೂ ಧೈರ್ಯದ ಮಾತು ಹೇಳೋಣವೆಂದು ನಾನು ಒಂದು ಶ್ಲೋಕದ ಮೊದಲ ಪಾದವನ್ನು ನೆನಪಿಸಿಕೊಳ್ಳುತ್ತಿದ್ದೆ. ಶಾಲಿನಿ ಮಾತ್ರ ಸುಮ್ಮನೆ, “ಅಕ್ಕಾರ, ಹೊತ್ತಾದ್ರ ಸಾಲಿ ಬಿಡ್ತದ್ರಿ,” ಎಂದಳು.

ಸಾಲಿಗೆ ತಡವಾಗುವುದು! ಅಕ್ಕನ ಬೆನ್ನು ನೆಟ್ಟಗಾಯಿತು. “ಎಡಾ,” ಎಂದು ತನಗೆ ತಾನೇ ಪಿಸುಗುಟ್ಟಿ ಕಾಲಿಟ್ಟಳು. “ಬಲಾ.” ಕಲ್ಲಿನ ಮೇಲೆ ವಾಕರಿನ ಟಕ್ ಟಕ್ ಸದ್ದು. ಕಾರಿನ ಬಾಗಿಲು ಹಿಡಿದಾಗ ಹಣೆಯೆಲ್ಲ ಬೆವರಾಗಿತ್ತು. ಒಳಗೆ ಕೂತು, ನನ್ನ ಕಣ್ಣಲ್ಲಿ ನೀರಿರುವುದನ್ನು ಕಂಡು, “ಅಳಕೋತ ಗಾಡಿ ಹೊಡೀಬ್ಯಾಡ,” ಎಂದಳು.

ಶಾಲೆಯ ಗೇಟಿನಲ್ಲಿ ರೇಣುಕಾ ಕಾಯುತ್ತಿದ್ದರು; ಒಳಗೆ ಮಕ್ಕಳಿಗೆ ಆಟದ ಹೊತ್ತು. ಅಕ್ಕ ಹುಲ್ಲಿನ ಪಕ್ಕದ ಸಣ್ಣ ಕಟ್ಟೆಯ ಮೇಲೆ ಕೂತು, ಅಂಗೈಯಿಂದ ಹುಲ್ಲನ್ನು ಒತ್ತಿ, ಎದ್ದೇಳುತ್ತದೆಯೇ ಎಂದು ನೋಡಿ, ಆಮೇಲೆ ಆ ಕೈಯನ್ನು ಮೂಗಿಗೆ ಹಿಡಿದಳು. ಜಡೆ ಬಿಚ್ಚಿಹೋಗಿದ್ದ ಪುಟ್ಟ ಹುಡುಗಿಯೊಬ್ಬಳು ಬಂದು, “ಅಜ್ಜಿ, ಏನ ಮೂಸಿ ನೋಡಾಕತ್ತಿ?” ಎಂದಳು. “ಪಾಚಿ ವಾಸನಿ ಬರತದೇನಂತ,” ಎಂದಳು ಅಕ್ಕ. ಹುಡುಗಿ ಬಗ್ಗಿ ತಾನೂ ಮೂಸಿದಳು. ನೋಡುನೋಡುತ್ತಿದ್ದಂತೆ ಅಲ್ಲಿದ್ದ ಮಕ್ಕಳೆಲ್ಲ ಬೋರಲಾಗಿ ಹುಲ್ಲು ಮೂಸತೊಡಗಿದರು. ಅವರ ಟೀಚರು ಗಾಬರಿಯಾಗಿ ಓಡಿಬಂದರು.

ಅಷ್ಟರಲ್ಲಿ ಅಕ್ಕ ಎದ್ದು, ರೇಣುಕಾ ಅವರ ತೋಳು ಹಿಡಿದು ಹುಲ್ಲಿನ ಉದ್ದಕ್ಕೂ ನಡೆಯುತ್ತಿದ್ದಳು. ದೂರದ ಮೂಲೆಯಲ್ಲಿ ಅಂಚು ಸ್ವಲ್ಪ ಕಿತ್ತಿತ್ತು. ಅಕ್ಕ ಅತ್ತ ಬೆರಳು ತೋರಿಸಿದಳು. ರೇಣುಕಾ ನಾಲಿಗೆ ಕಚ್ಚಿಕೊಂಡು, “ಇದು ನಮ್ಮ ತಪ್ಪರಿ. ನಾಳೆ ಮುಂಜಾನೆ ಅಂಟಸ್ತೇವಿ. ಮಕ್ಕಳು ಎಡವಿ ಬೀಳತಾವು,” ಎಂದರು. ಹಿಂದೆ ಬರುತ್ತಿದ್ದ ನಾನು, ಇನ್ನು ಇವರ ಕಥೆ ಮುಗಿಯಿತು ಎಂದುಕೊಂಡೆ. ಅಕ್ಕ ಕೇಳಿದ್ದು ಇಷ್ಟೇ: “ನಮ್ಮ ಮನೀಗೆ ಯಾವಾಗ ಬರತೀರಿ?”

ಮರಳುವಾಗ ಕಾರಣ ಕೇಳಿದೆ. ಬೀಳುವ ಮಾತನ್ನು ಅವರಾಗಿಯೇ ಎತ್ತಿದರಲ್ಲ, ಅಷ್ಟು ಸಾಕು ಎಂದಳು. ಹುಲ್ಲನ್ನು ನೋಡಿಕೊಳ್ಳುವವರು ಹುಲ್ಲಿಗಿಂತ ಮೊದಲು ಅದರ ಮೇಲಿನ ಕಾಲುಗಳನ್ನು ನೋಡಬೇಕು ಎಂಬುದು ಅವಳ ಮಾತಿನ ಸಾರ. ಆಯ್ಕೆ ಸಮಿತಿಗಳಲ್ಲಿ ಕೂತು ಕೂತು ಕುರ್ಚಿ ಸವೆಸಿದ ನಾನು, ಒಬ್ಬರನ್ನು ಆರಿಸುವುದಕ್ಕೆ ಇದಕ್ಕಿಂತ ನೇರವಾದ ನಿಯಮವನ್ನು ಕಂಡಿರಲಿಲ್ಲ.

ರೇಣುಕಾ ದಂಪತಿಗಳು ಬಂದು ಪಾಚಿ ತೆಗೆದು, ನೀರು ನಿಲ್ಲುತ್ತಿದ್ದ ಕಡೆ ಕೆಳಗೆ ದಾರಿ ಮಾಡಿ, ಉಸುಕು ತುಂಬಿದರು. ಹೊರಡುವಾಗ ಉದ್ದ ಹಿಡಿಕೆಯ ಬ್ರಶ್ಶೊಂದನ್ನು ಬಿಟ್ಟುಹೋದರು. ತಾವು ಆಗಾಗ ಬರುತ್ತೇವೆ, ಆದರೆ ಮಲಗಿದ ಎಳೆಗಳನ್ನು ದಿನವೂ ಎದುರುಬಾಚಿ ಎಬ್ಬಿಸುವುದು ಮನೆಯವರ ಕೆಲಸ ಎಂದರು. ನಾನು ಕೈ ಚಾಚುವ ಮೊದಲೇ ಅಕ್ಕ ಅದನ್ನು ತೆಗೆದುಕೊಂಡಳು. ಮೊದಲು ಕುರ್ಚಿಯಲ್ಲಿ ಕೂತು ಬಾಚಿದಳು, ಆಮೇಲೆ ಒಂದು ಕೈ ವಾಕರಿನ ಮೇಲಿಟ್ಟು. ಮಳೆಗಾಲದ ಹೊತ್ತಿಗೆ ವಾಕರ್ ಪಡಸಾಲೆಯ ಗೋಡೆಗೊರಗಿ ನಿಂತಿತ್ತು; ಶಾಲಿನಿ ಅದರ ಮೇಲೆ ಟವೆಲ್ ಒಣಹಾಕತೊಡಗಿದ್ದಳು. ಡಾಕ್ಟರು ಬಂದು ನೋಡಿ ಯಾವ ವ್ಯಾಯಾಮ ಮಾಡಿಸಿದಿರೆಂದು ಕೇಳಿದಾಗ, ನಾನು ಮೂಲೆಯಲ್ಲಿದ್ದ ಬ್ರಶ್ಶನ್ನು ತೋರಿಸಿದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ರೇಣುಕಾ ಫೋನ್ ಮಾಡಿದರು. ಹುಬ್ಬಳ್ಳಿಯ ಒಂದು ಮನೆಯವರಿಗೆ ಹುಲ್ಲಿನ ಉಸ್ತುವಾರಿಯನ್ನು ಯಾರಿಗೆ ಕೊಡಬೇಕೆಂದು ತಿಳಿಯುತ್ತಿಲ್ಲವಂತೆ. ಹಳೆಯ ಗಿರಾಕಿಯಾದ ಅಕ್ಕ ಆ ಮನೆಯವರೊಡನೆ ಫೋನಿನಲ್ಲಿ ಎರಡು ಮಾತಾಡಿದರೆ ಉಪಕಾರವಾಗುತ್ತದೆ ಎಂದರು. ಅಕ್ಕ ವಿಳಾಸ ಕೇಳಿಕೊಂಡು, “ಫೋನಿನ್ಯಾಗ ಹುಲ್ಲು ಹೆಂಗ ಕಾಣಸ್ತದರಿ? ನಾನ ಬರತೇನಿ. ಖರೇ ಹೇಳಬೇಕಂದ್ರ ನೋಡೇ ಹೇಳಬೇಕು,” ಎಂದು ಫೋನ್ ಇಟ್ಟಳು.

ನಾನು ಕಾರಿನ ಕೀಲಿ ಹುಡುಕಿದೆ. ಕೀಲಿ ಸಿಕ್ಕಾಗ ಕನ್ನಡಕ ಕಾಣಲಿಲ್ಲ. ಕನ್ನಡಕ ಸಿಕ್ಕು ಹೊರಗೆ ಬಂದರೆ ಗೇಟು ತೆರೆದಿತ್ತು, ಓಣಿಯ ತುದಿಯಲ್ಲಿ ಅಕ್ಕ ಆಟೋ ಹತ್ತುತ್ತಿದ್ದಳು. ಸೀರೆಯ ನಿರಿಗೆ ಸ್ವಲ್ಪ ಎತ್ತಿ ಹಿಡಿದು, ಮೊದಲು ಎಡ, ಆಮೇಲೆ ಬಲ. ನಾನು ಕೂಗಿದ್ದು ಕೇಳಿಸಿತೋ ಇಲ್ಲವೋ, ಆಟೋ ತಿರುವು ದಾಟಿತು.

ಒಳಗಿನಿಂದ ಬಂದ ಶಾಲಿನಿ ಖಾಲಿ ಓಣಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ಬ್ರಶ್ಶನ್ನು ತಂದು ನನ್ನ ಕೈಗಿತ್ತು, “ಅಕ್ಕಾರು ಬರೂದ್ರಾಗ ಮುಗಸ್ರಿ. ಬೆನ್ನು ನೆಟ್ಟಗ ಇರ್ಲಿ,” ಎಂದಳು.