ರೇಡಿಯೋದ ಸರ್ವಸಾಧಾರಣ ಸಭೆ

ಎರಡು ವಾರದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಇಸಳೂರಿನ ನಮ್ಮ ಮನೆಗೆ ಈ ದೇಶದ ರೇಡಿಯೋದ ಮಾಲೀಕರೊಬ್ಬರು ಬಂದಿದ್ದರು. ನಾನು ಪತ್ರಿಕೆಗೆ ಬರೆಯುವವನೆಂದು ಹುಡುಕಿಕೊಂಡು ಬಸ್ಸಿನಲ್ಲಿ ಬಂದರು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಒಂದು ಕಿಲೋ ಮುಳ್ಳುಬದನೆ, ಬದನೆಯ ಕೆಳಗೆ ಮಾಲೀಕತ್ವದ ದಾಖಲೆ.

(ನಗಬೇಡಿ. ನಾನು ನಕ್ಕು ಅನುಭವಿಸಿದ್ದೇನೆ.)

ಮಾಲೀಕರ ಹೆಸರು ನೀಲವ್ವ. ಊರು ದಾಸನಕೊಪ್ಪ. ವಯಸ್ಸು ಅರವತ್ತು ದಾಟಿದೆ. ಹೊಲದಲ್ಲಿ ಗೋವಿನಜೋಳ, ಹಿತ್ತಲಲ್ಲಿ ತರಕಾರಿ. ಗಂಡ ತೀರಿಕೊಂಡ ಮೇಲೆ ಊರಿನ ಸಹಕಾರಿ ಸೊಸೈಟಿಯ ಶೇರು ಇವರ ಹೆಸರಿಗಾಯಿತು. ಅಂದಿನಿಂದ ಸೊಸೈಟಿಯ ಒಂದೇ ಒಂದು ವಾರ್ಷಿಕ ಸಭೆಯನ್ನೂ ಇವರು ತಪ್ಪಿಸಿಲ್ಲ. ಎಲ್ಲರೂ ಊಟದ ವಾಸನೆ ಎಲ್ಲಿಂದ ಬರುತ್ತಿದೆ ಎಂದು ನೋಡುವ ಹೊತ್ತಿಗೆ ಎದ್ದು ನಿಂತು ಪ್ರಶ್ನೆ ಕೇಳುವವರು ಇವರೇ.

ಆದರೆ ನೀಲವ್ವನಿಗೆ ಹೆಸರು ತಂದದ್ದು ಸೊಸೈಟಿಯಲ್ಲ, ರೇಡಿಯೋ. ಕೆಲವು ವರ್ಷಗಳ ಹಿಂದೆ ರೇಡಿಯೋದವರು ಬಂದು, ಬದನೆ ಬೀಜ ಕಾಪಿಡುವ ಬಗ್ಗೆ ಆಕೆಯ ಮಾತು ರೆಕಾರ್ಡ್ ಮಾಡಿಕೊಂಡು ಹೋದರು. ಅದುವರೆಗೆ ಊರವರ ಬಾಯಲ್ಲಿ ಆಕೆ ಚೆನ್ನಬಸಪ್ಪನ ಹೆಂಡತಿ. ಪ್ರಸಾರವಾದ ಮರುದಿನದಿಂದ ರೇಡಿಯೋ ನೀಲವ್ವ. ಸಿದ್ದಾಪುರದ ಮನ್ಮನೆಯಿಂದ, ಅತ್ತ ಯಲ್ಲಾಪುರದಿಂದ ಜನ ಬೀಜ ಕೇಳಿಕೊಂಡು ಬಂದರು. ಅರವತ್ತು ವರ್ಷದ ಬದುಕಿನಲ್ಲಿ ಒಬ್ಬ ಹೆಂಗಸಿಗೆ ಸ್ವಂತ ಹೆಸರು ಸಿಗುವುದು ಸಣ್ಣ ಮಾತೇ?

ಈ ವರ್ಷ ರೇಡಿಯೋದವರು ಮತ್ತೆ ಬಂದಿದ್ದರು. ಮತ್ತೆ ರೆಕಾರ್ಡಿಂಗ್. ಗುರುವಾರ ಸಂಜೆ ಆರೂವರೆಗೆ ಕೇಳಿ ಎಂದು ಹೇಳಿ ಹೋದರು. ನೀಲವ್ವ ಸುಮ್ಮನಿರುವವರೇ? ಮನ್ಮನೆಗೆ ಫೋನ್, ಯಲ್ಲಾಪುರಕ್ಕೆ ಫೋನ್. ಗುರುವಾರ ಮನೆಯ ಕಟ್ಟೆಯ ಮೇಲೆ ಓಣಿಯ ಇಪ್ಪತ್ತು ಜನ. ಅವಲಕ್ಕಿ, ಚಹಾ. ಆರೂವರೆ ಆಯಿತು. ರೇಡಿಯೋ ಹಚ್ಚಿದರೆ ಹಿಂದಿ.

ದೆಹಲಿಯಿಂದ ನೇರ ಪ್ರಸಾರವಂತೆ. ರೇಡಿಯೋಕ್ಕೆ ಹೊಸ ಮುಖ್ಯಸ್ಥರು ಬಂದಿದ್ದಾರೆ, ಅವರು ಕೇಳುಗರನ್ನು ಉದ್ದೇಶಿಸಿ ಮಾತಾಡುತ್ತಿದ್ದಾರೆ. ಅರ್ಧ ಗಂಟೆ ಮಾತಾಡಿದರು. ಅಷ್ಟರಲ್ಲಿ ಕಟ್ಟೆಯ ಮೇಲಿನ ಜನ ಅವಲಕ್ಕಿ ಮುಗಿಸಿ ಎದ್ದು ಹೋದರು. ನೀಲವ್ವ ಏಳಲಿಲ್ಲ. ಪೂರ್ತಿ ಕೇಳಿದರು.

"ನಿಮಗೆ ಹಿಂದಿ ತಿಳಿಯಿತೇ?" ಎಂದು ನಾನು ಕೇಳಿದೆ.

"ಸಣ್ಣಾಕಿ ಇದ್ದಾಗಿಂದ ರೇಡಿಯೋ ಕೇಳೇನ್ರಿ. ತಿಳೀಲಾರದ ಏನು?" ಎಂದರು. "ಅವರು ಭಾಳ ಛಲೋ ಮಾತಾಡಿದರು ಸರ. ಈ ರೇಡಿಯೋ ಸರಕಾರದ್ದಲ್ಲ, ನನ್ನದೂ ಅಲ್ಲ, ನಿಮ್ಮದು. ನೀವ ಇದರ ಮಾಲೀಕರು ಅಂದರು. ಹಂಗಾರ ಮಾಲೀಕರ ಕಾರ್ಯಕ್ರಮ ತಗದು ನೌಕರದಾರರು ಭಾಷಣ ಮಾಡೂದು ಹೆಂಗ? ಠರಾವು ಯಾವಾಗ ಆತು? ಸಭೆ ನೋಟಿಸು ನನಗ ಯಾಕ ಬರಲಿಲ್ಲ?"

ನಾನು ನಕ್ಕೆ. ಆಗಲೇ ಚೀಲದಿಂದ ದಾಖಲೆ ಹೊರಬಂತು. ಮಾವನವರ ಕಾಲದ ರೇಡಿಯೋ ಲೈಸೆನ್ಸ್ ಪುಸ್ತಕ. ಹಿಂದೆಲ್ಲ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ನೆನಪಿದೆಯೇ? ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. ಪುಟ ತುಂಬ ದುಂಡನೆಯ ಮುದ್ರೆಗಳು. ನೀಲವ್ವನ ಲೆಕ್ಕದಲ್ಲಿ ಅದು ಶೇರು ಸರ್ಟಿಫಿಕೇಟು. ಸೊಸೈಟಿಗೆ ಶೇರು ಇದ್ದ ಹಾಗೆ ರೇಡಿಯೋಕ್ಕೆ ಇದು. ಶೇರು ಇದ್ದ ಮೇಲೆ ಡೈರೆಕ್ಟರು, ಅಧ್ಯಕ್ಷರು, ವರ್ಷಕ್ಕೊಂದು ಸರ್ವಸಾಧಾರಣ ಸಭೆ ಇರಲೇಬೇಕಲ್ಲ? ಸಭೆಯೇ ಇಲ್ಲದೆ ಅಧ್ಯಕ್ಷರು ಹೇಗೆ ಬದಲಾದರು?

ಹಾಗಲ್ಲ, ಅದು ಬೇರೆ, ಇದು ಬೇರೆ ಎಂದು ಹೇಳಲು ಬಾಯಿ ತೆರೆದೆ. ಏನು ಬೇರೆ ಎನ್ನುವುದು ಗೊತ್ತಿರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದೆ. ನಿಮಗೆ ಗೊತ್ತೇ, ಈ ದೇಶದ ರೇಡಿಯೋ ಯಾರದ್ದು?

ಸೋಮವಾರ ಫೋನ್ ಹಿಡಿದು ಕೂತೆ. ಮೊದಲು ನಮ್ಮ ಭಾಗಕ್ಕೆ ಕೇಳಿಸುವ ಸ್ಟೇಷನ್ನು. ಅಲ್ಲಿಯ ಮುಖ್ಯಸ್ಥರು ಸಜ್ಜನರು. "ಸರ್, ನಾನು ಇನ್‌ಚಾರ್ಜ್ ಅಷ್ಟೇ. ಎರಡು ಸ್ಟೇಷನ್ ನೋಡಿಕೊಳ್ತೇನೆ. ದೆಹಲಿ ಲೈನ್ ಹಾಕಿ ಅಂದರೆ ಹಾಕ್ತೇನೆ, ತೆಗೆ ಅಂದರೆ ತೆಗಿತೇನೆ" ಎಂದರು. ಬೆಂಗಳೂರಿನವರೂ ಇನ್‌ಚಾರ್ಜ್. ಅವರು ದೆಹಲಿಯ ನಂಬರ್ ಕೊಟ್ಟರು. ದೆಹಲಿಯಲ್ಲಿ ಫೋನ್ ಎತ್ತಿದ ಮನುಷ್ಯ, ನಮ್ಮ ಮೇಲೆ ಸ್ವಾಯತ್ತ ಮಂಡಳಿ ಇದೆ, ಅವರನ್ನು ಕೇಳಿ ಎಂದ. ಮಂಡಳಿಯ ಮೇಲೆ ಯಾರು? "ಅದನ್ನು ಸರ್ಕಾರ ನೇಮಿಸುತ್ತದೆ." ಹಾಗಾದರೆ ಸರ್ಕಾರದ್ದೋ? "ಛೆ ಛೆ, ಸ್ವಾಯತ್ತ." ಮತ್ತೆ ಯಾರದ್ದು? ಆ ಮನುಷ್ಯ ಸ್ವಲ್ಪ ಯೋಚಿಸಿ, ಜನರದ್ದು ಎಂದು ಹೇಳಿ ಫೋನ್ ಇಟ್ಟ.

ಅಂದರೆ ದಾಸನಕೊಪ್ಪದಿಂದ ಹೊರಟ ನಾನು ದೆಹಲಿಗೆ ಹೋಗಿ, ಒಂದು ಸುತ್ತು ಹೊಡೆದು ವಾಪಸ್ ದಾಸನಕೊಪ್ಪಕ್ಕೇ ಬಂದಿದ್ದೆ.

ಇದೇನು ರೇಡಿಯೋ ಒಂದರದೇ ಕಥೆಯೇ? ಸುತ್ತ ನೋಡಿ. ಶಾಲೆಗೆ ಇನ್‌ಚಾರ್ಜ್ ಹೆಡ್ಮಾಸ್ತರರು. ದನದ ಆಸ್ಪತ್ರೆಗೆ ಇನ್‌ಚಾರ್ಜ್ ಡಾಕ್ಟರು. ಸಮುದಾಯ ಭವನದ ಕೀಲಿಕೈ ಇನ್‌ಚಾರ್ಜ್ ಒಬ್ಬರ ಹತ್ತಿರ, ಅವರು ರಜೆ. ಹೇಳುವುದಕ್ಕೆ ಎಲ್ಲವೂ ಸಾರ್ವಜನಿಕರದ್ದೇ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಅದರ ಕೆಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ ಎಂದೂ ಬರೆದಿರುತ್ತದೆ.

ನೀಲವ್ವನಿಗೆ ಫೋನ್ ಮಾಡಿ, ಜನರೇ ಮಾಲೀಕರಂತೆ ಎಂದೆ. "ನಾ ಹೇಳಲಿಲ್ಲೇನ್ರಿ" ಎಂದರು. ಮತ್ತೆ, "ಅವರು ಸಭೆ ಕರೀಲಿಲ್ಲಂದರ ನಾವ ಕರಿಯೂಣು. ಬುಧವಾರ ಬರ್ರಿ" ಎಂದರು.

"ಎಂತ, ಈ ವಾರ ಬರಿಯಲೆ ಬೇರೆ ಎಂತದೂ ಇಲ್ಯ?" ಎಂದಳು ನನ್ನ ಹೆಂಡತಿ. ಬೈಕಿನ ಕೀ ಮಾತ್ರ ತಾನೇ ತಂದು ಕೊಟ್ಟಳು.

ಬುಧವಾರ ಸಂಜೆ ಅದೇ ಕಟ್ಟೆಯ ಮೇಲೆ ರೇಡಿಯೋದ ಸರ್ವಸಾಧಾರಣ ಸಭೆ ಸೇರಿತು. (ಬಹುಶಃ ದೇಶದಲ್ಲೇ ಮೊದಲನೆಯದು.) ಸೊಸೈಟಿಯ ರಿಜಿಸ್ಟರಿನ ಮಾದರಿಯಲ್ಲೇ ಗೆರೆ ಹಾಕಿದ ನೋಟ್‌ಬುಕ್. ಕೋರಂ ನೋಡಿದರು. ಒಬ್ಬರು ಸೂಚಿಸಿದರು, ಒಬ್ಬರು ಅನುಮೋದಿಸಿದರು. ನೀಲವ್ವನ ರೆಕಾರ್ಡಿಂಗನ್ನು ಮುಂದಿನ ವಾರದ ಗುರುವಾರ ಆರೂವರೆಗೆ ಹಾಕತಕ್ಕದ್ದು. ಮುಂದೆ ಯಾವ ನೌಕರದಾರರ ಭಾಷಣವನ್ನೂ ರೈತರ ಹೊತ್ತಿನಲ್ಲಿ ಹಾಕಕೂಡದು. ಹೀಗೆಂದು ಸರ್ವಾನುಮತದ ಠರಾವು. ಒಬ್ಬೊಬ್ಬರೇ ಬಂದು ಸಹಿ ಹಾಕಿದರು. ನಾನೂ ಪೆನ್ನು ತೆಗೆದೆ.

"ತಡೀರಿ ಸರ" ಎಂದರು ನೀಲವ್ವ. "ಹೋದ ವಾರ ರೇಡಿಯೋದಾಗ ಏನು ಕೇಳೀರಿ?"

ನಾನು ಯೋಚಿಸಿದೆ. ಹೋದ ವಾರ ಬಿಡಿ, ಹೋದ ವರ್ಷ? ನಮ್ಮ ಮನೆಯಲ್ಲಿ ರೇಡಿಯೋ ಎಲ್ಲಿದೆ? ಕಾರಿನಲ್ಲಿದೆ, ಆದರೆ ಅದರಲ್ಲಿ ಮೊಬೈಲಿನ ಹಾಡು ಬರುತ್ತದೆ. ಸುಳ್ಳು ಹೇಳೋಣ ಎಂದುಕೊಂಡೆ. ಇಪ್ಪತ್ತು ಜನ ನೋಡುತ್ತಿದ್ದರು.

"ಏನೂ ಕೇಳಿಲ್ಲ" ಎಂದೆ.

"ಹಂಗಾರ ಸಹಿ ಬ್ಯಾಡ್ರಿ. ಸೊಸೈಟಿ ಒಳಗೂ ಹಂಗ ಐತಿ. ಸಭೆಗೆ ಬರದವರಿಗೆ, ವ್ಯವಹಾರ ಮಾಡದವರಿಗೆ ಓಟಿಲ್ಲ. ಶೇರು ಇರತೈತಿ, ಓಟು ಇರಂಗಿಲ್ಲ. ಕುಂದರ್ರಿ, ಚಹಾ ಕುಡೀರಿ."

ನಿಯಮ ಹೌದು, ಸೊಸೈಟಿಗಳಲ್ಲಿ ಇದೆ. ಮೂವತ್ತು ವರ್ಷದಿಂದ ಪ್ರಜಾಪ್ರಭುತ್ವ, ಸಾರ್ವಜನಿಕ ಆಸ್ತಿ ಎಂದೆಲ್ಲ ಬರೆದವನು ಕಟ್ಟೆಯ ತುದಿಯಲ್ಲಿ ಚಹಾ ಕುಡಿಯುತ್ತ ಕೂತೆ. ಸ್ವಲ್ಪ ಅವಮಾನವೇ ಆಯಿತು. ಆ ಚಹಾಕ್ಕೆ ಸಕ್ಕರೆ ಜಾಸ್ತಿಯಿತ್ತು ಎಂದು ಬರೆದು ಸೇಡು ತೀರಿಸಿಕೊಳ್ಳುತ್ತಿದ್ದೇನೆ.

ಠರಾವು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು, ಜೊತೆಗೆ ಲೈಸೆನ್ಸಿನ ಜೆರಾಕ್ಸ್. ನಾಲ್ಕು ದಿನ ಬಿಟ್ಟು ಸ್ಟೇಷನ್ನಿನ ಇನ್‌ಚಾರ್ಜ್ ನನಗೆ ಫೋನ್ ಮಾಡಿದರು. ದನಿಯಲ್ಲಿ ಗಾಬರಿ.

"ಸರ್, ಇದನ್ನು ಯಾವ ಫೈಲಿಗೆ ಹಾಕಲಿ? ಕೇಳುಗರ ಮೆಚ್ಚುಗೆಗೆ ಒಂದು ಫೈಲಿದೆ, ಕೇಳುಗರ ದೂರಿಗೆ ಒಂದು ಫೈಲಿದೆ. ಇದು ಕೇಳುಗರದ್ದಲ್ಲ, ಮಾಲೀಕರ ಆದೇಶ ಅಂತ ಬರೆದಿದ್ದಾರೆ. ಆ ಫೈಲ್ ನಮ್ಮಲ್ಲಿ ಇಲ್ಲ."

"ಮೇಲಿನವರನ್ನು ಕೇಳಿ" ಎಂದೆ, ಚೇಷ್ಟೆಗೆ.

ಅವರು ಅದನ್ನು ಚೇಷ್ಟೆ ಎಂದು ತಿಳಿಯಲಿಲ್ಲ. ನಿಧಾನವಾಗಿ ಹೇಳಿದರು, "ಇಪ್ಪತ್ತೆಂಟು ವರ್ಷದಿಂದ ಮೇಲಿನವರನ್ನೇ ಕೇಳಿದ್ದೇನೆ ಸರ್. ಇವರು ಅವರಿಗಿಂತ ಮೇಲಿನವರಂತೆ ಕಾಣ್ತಾರೆ. ಗುರುವಾರ ಹಾಕ್ತೇನೆ, ಏನಾಗ್ತದೋ ನೋಡುವಾ."

ಆ ಮಾತು ಕೇಳಿ ನನಗೆ ನಿಜಕ್ಕೂ ಖುಷಿಯಾಯಿತು. ಇನ್‌ಚಾರ್ಜ್ ಎಂದುಕೊಂಡು ಬದುಕಿದ ಮನುಷ್ಯ ಒಂದು ಸಂಜೆಯ ಮಟ್ಟಿಗೆ ಚಾರ್ಜ್ ತೆಗೆದುಕೊಂಡಿದ್ದ.

ಮೊನ್ನೆ ಗುರುವಾರ. ಆರೂ ಇಪ್ಪತ್ತಕ್ಕೇ ಮೊಬೈಲಿನಲ್ಲಿ ರೇಡಿಯೋದ ಆ್ಯಪ್ ಹಾಕಿಕೊಂಡು ಕೂತೆ. ಮತ್ತೆ ಹಿಂದಿ ಬಂದರೆ? ಕಟ್ಟೆಯ ಮೇಲಿನ ಜನ ಎರಡನೆಯ ಸಲ ಅವಲಕ್ಕಿ ತಿಂದು ಎದ್ದು ಹೋದರೆ? ಒಮ್ಮೆ ಎದ್ದು ಹೋದವರು ಮತ್ತೆ ಬರುತ್ತಾರೆ, ಎರಡು ಸಲ ಹೋದರೆ ಆಕೆ ಮತ್ತೆ ಚೆನ್ನಬಸಪ್ಪನ ಹೆಂಡತಿಯೇ. ಆರೂವರೆಯ ಸಂಗೀತ ಮುಗಿಯಿತು. ಉದ್ಘೋಷಕಿಯ ದನಿ ಬಂತು, ಅಚ್ಚ ಕನ್ನಡದಲ್ಲಿ.

"ಈಗ ನಮ್ಮ ರೇಡಿಯೋದ ಮಾಲೀಕರಲ್ಲಿ ಒಬ್ಬರಾದ ದಾಸನಕೊಪ್ಪದ ನೀಲವ್ವ ಅವರು ಬದನೆ ಬೀಜ ಕಾಪಿಡುವ ಬಗೆಯನ್ನು ತಿಳಿಸಿಕೊಡುತ್ತಾರೆ."

ನಾನು ಕೂತಲ್ಲೇ ಚಪ್ಪಾಳೆ ತಟ್ಟಿದೆ. ಹೆಂಡತಿ ಒಳಗಿನಿಂದ ಬಂದು ನಿಂತು ಕೇಳಿದಳು. ನೀಲವ್ವನ ದನಿ, ಅದೇ ಗತ್ತು. ಈ ಸಂತೋಷವನ್ನು ನಾಲ್ಕು ಜನರಿಗೆ ತಿಳಿಸದಿದ್ದರೆ ಹೇಗೆ? ವಾಟ್ಸ್ಯಾಪ್ ತೆರೆದು ಟೈಪ್ ಮಾಡಿದೆ. ಉತ್ತರಗಳು ಬಂದವು, ಉತ್ತರಗಳಿಗೆ ಉತ್ತರ ಬರೆದೆ. ಕಾರ್ಯಕ್ರಮ ಮುಗಿದ ಕೂಡಲೇ ನೀಲವ್ವನಿಗೆ ಫೋನ್ ಹಚ್ಚಿದೆ. ಹಿಂದೆ ಕಟ್ಟೆಯ ಜನರ ಗದ್ದಲ ಕೇಳುತ್ತಿತ್ತು.

"ಅದ್ಭುತ ನೀಲವ್ವ. ಭಾರೀ ಚೆನ್ನಾಗಿ ಬಂತು" ಎಂದೆ.

"ಪೂರ್ತಿ ಕೇಳಿದ್ರ್ಯಾ ಸರ?"

"ಪೂರ್ತಿ."

"ಹಂಗಾರ ಹೇಳ್ರಿ ನೋಡೂಣು. ಬೀಜಕ್ಕ ಬೂದಿ ಹಚ್ಚೂದು ಒಣಗಿಸೂಕಿಂತ ಮೊದಲೋ, ಆಮ್ಯಾಲೋ?"

ನಾನು ಹೆಂಡತಿಯ ಮುಖ ನೋಡಿದೆ. ಅವಳಿಗೆ ಗೊತ್ತಿತ್ತು, ಹೇಳಲಿಲ್ಲ. "ಬೂದಿ ಅಂದರೆ..." ಎಂದು ನಾನು ರಾಗ ಎಳೆದೆ. ಆ ಕಡೆಯಿಂದ ನೀಲವ್ವ ಸಮಾಧಾನವಾಗಿಯೇ ಹೇಳಿದರು.

"ಇರಲಿ ಬಿಡ್ರಿ. ಮುಂದಿನ ಸಭೆಗೂ ನಿಮಗ ಓಟಿಲ್ಲ."